ಕಂಬಗಳಾಚೆಯ ಗೆರೆ

ರೇಲಿಂಗಿನ ಕೊನೆಯ ಪ್ಯಾನೆಲ್ ಮತ್ತೆ ಕೈಕೊಟ್ಟಿತು. ಮಿಕ್ಕವೆಲ್ಲ ಒಂದೇ ಅಗಲದಲ್ಲಿ, ನಡುವೆ ಒಂದೇ ಸಮನೆ ಸಂದಿ ಬಿಟ್ಟುಕೊಂಡು, ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಅಚ್ಚುಕಟ್ಟಾಗಿ ಸಾಲುಗಟ್ಟಿದ್ದವು. ಕಂಬದ ಹತ್ತಿರ ಬರುವ ಹೊತ್ತಿಗೆ ಮಾತ್ರ ಜಾಗ ಸಾಲದೆ, ಕಟ್ಟಕಡೆಯದು ಗೇಣಗಲದ ಚೂರಾಗಿ ಕಂಬಕ್ಕೆ ಮೈಯೊತ್ತಿಕೊಂಡು ನಿಂತಿತ್ತು. ಪರದೆಯ ಮೇಲಿನ ಕಟ್ಟಡವನ್ನು ಯಾವ ಕಡೆ ತಿರುಗಿಸಿದರೂ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಚೂರಿನ ಮೇಲೆಯೇ.

"ಹಾಳಾದ್ದು, ಎಲ್ಲಿಂದ ಬಂದೆ ನೀನು?" ಎಂದು ಗೀಟಕ್ಕ ಅದನ್ನೇ ಕೇಳಿದಳು.

"ಯಾರಿಗಮ್ಮಾ ಬೈತಿರೋದು?" ಪಕ್ಕದ ಮೇಜಿನಿಂದ ಭಾವನ ದನಿ ಬಂತು.

"ಪ್ಯಾನೆಲ್‌ಗೆ, ಭಾವ. ನಿಮಗಲ್ಲ."

"ಸದ್ಯ! ಗೋಡೆ ಹಾಕಿದ್ರೆ ಯಾರಿಗೂ ಬೈಯೋ ಕೆಲಸಾನೇ ಇರ್ತಿರಲಿಲ್ಲ ನೋಡು."

ಭಾವ ಎಂದರೆ ಗೀಟಕ್ಕನ ಸ್ವಂತ ಭಾವ ಅಲ್ಲ. ಕಚೇರಿಯ ಯಜಮಾನರಾದ ಆರ್ಕಿಟೆಕ್ಟ್ ಇದ್ದಾರಲ್ಲ, ಅವರ ಅಕ್ಕನ ಗಂಡ. ಕಟ್ಟಡದ ಭಾರ ಲೆಕ್ಕ ಹಾಕುವ ಇಂಜಿನಿಯರ್. ಯಜಮಾನರು 'ಭಾವ, ಭಾವ' ಎಂದು ಕರೆದು ಕರೆದು, ಈಗ ಪಾರ್ಸೆಲ್ ತರುವವರು ಕೂಡ ಅವರನ್ನು ಭಾವ ಎಂದೇ ಕೂಗುತ್ತಾರೆ. ಯಾವ ನಕ್ಷೆ ಕಂಡರೂ "ಇದರ ಭಾರ ಎಲ್ಲಿಗೆ ಹೋಗುತ್ತೆ?" ಎನ್ನುವುದು ಅವರ ಮೊದಲ ಪ್ರಶ್ನೆ, "ಅಲ್ಲೊಂದು ಗೋಡೆ ಕಟ್ಟಿಬಿಡಿ" ಎನ್ನುವುದು ಕೊನೆಯ ಉತ್ತರ. ಮನುಷ್ಯ ಕೆಟ್ಟವರಲ್ಲ. ಗೋಡೆಯ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ, ಅಷ್ಟೆ.

ಯಜಮಾನರದು ಇನ್ನೊಂದು ಬಗೆ. ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದರು. ರಜೆ ಬೇಕು ಎಂದರೆ ನೋಡೋಣ, ಕುರ್ಚಿ ಮುರಿದಿದೆ ಎಂದರೆ ನೋಡೋಣ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಒಂದು ದಿನ, ಹೆರಿಗೆ ಆಸ್ಪತ್ರೆಯ ಹೊಸ ಮಹಡಿಯ ನಕ್ಷೆ ಮುಗಿಸುತ್ತ, ಅದೇ ಯಜಮಾನರು ತಲೆಯೆತ್ತದೆ ಹೇಳಿದ್ದರು, "ಜಗಲಿಗೆ ರೇಲಿಂಗ್ ಒಂದು ಬಾಕಿ ಇದೆ. ನೀವೇ ಏನಾದ್ರೂ ಮಾಡಿ ಗೀಟಕ್ಕ, ನೋಡೋಣ."

ಅವರು ಅದನ್ನು ಅಲ್ಲಿಗೇ ಮರೆತರು. ಗೀಟಕ್ಕ ಮರೆಯಲಿಲ್ಲ. ಮದುವೆಗೆ ಮುಂಚೆ ಪೆನ್ಸಿಲ್ಲು, ಸ್ಕೇಲು ಹಿಡಿದು ನಕ್ಷೆ ಬರೆಯಲು ಕೂತವಳು, ಗೀಟು ಎಳೆದು ಎಳೆದೇ ಎಲ್ಲರ ಬಾಯಲ್ಲಿ ಗೀಟಕ್ಕ ಆದವಳು ಅವಳು. ಆಮೇಲೆ ಕಂಪ್ಯೂಟರ್ ಬಂತು, ಕಲಿತಳು. ಆಮೇಲೆ ಕಟ್ಟಡವನ್ನು ಇಡಿಯಾಗಿ ಎಬ್ಬಿಸಿ ನಿಲ್ಲಿಸುವ ಈ ಸಾಫ್ಟ್‌ವೇರ್ ಬಂತು, ಅದನ್ನೂ ಕಲಿತಳು. ಇಷ್ಟು ವರ್ಷ ಎಳೆದ ಗೀಟುಗಳೆಲ್ಲ ಬೇರೆಯವರ ತಲೆಯಿಂದ ಬಂದವು. ಮೊದಲ ಸಲ ಒಂದು ವಸ್ತುವನ್ನು ತಾನೇ ಯೋಚಿಸಿ ಮಾಡು ಎಂದಿದ್ದರು. ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು.

ಅವಳು ಯೋಚಿಸಿದ್ದು ಸಣ್ಣ ಸಣ್ಣ ತೂತುಗಳ ಉಕ್ಕಿನ ಹಾಳೆಯ ಪ್ಯಾನೆಲ್‌ಗಳು, ಮೇಲೆ ಕೈ ಇಡಲು ಒಂದು ಕೊಳವೆ. ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಅಂಥ ಪ್ಯಾನೆಲ್‌ಗಳದೇ ಸಾಲು. ಭಾವನಿಗೆ ಅದು ಹಿಡಿಸಲಿಲ್ಲ. ಎದೆಯೆತ್ತರದ ಗೋಡೆ ಸಾಕು ಎಂದು ತಾವೇ ಒಂದು ಚಿತ್ರ ಮಾಡಿಟ್ಟುಕೊಂಡಿದ್ದರು. ಇವತ್ತು ಮಧ್ಯಾಹ್ನ ಊಟದ ನಂತರ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ನಕ್ಷೆ ನೋಡಲು ಬರುವವರಿದ್ದರು. ಬೆಳಿಗ್ಗೆ ಯಜಮಾನರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕುತ್ತಿಗೆ ಸವರಿಕೊಂಡಿದ್ದರು. ಅತ್ತ ಅಕ್ಕನ ಗಂಡ, ಇತ್ತ ಹಳೆಯ ಕೆಲಸಗಾರ್ತಿ.

"ಊಟದ ಹೊತ್ತಿಗೆ ಪ್ಯಾನೆಲ್ ಎಲ್ಲಾ ಸಮನಾಗಿ ಕೂತ್ರೆ ರೇಲಿಂಗ್ ತೋರಿಸೋಣ. ಎಲ್ಲಾ ಒಂದೇ ಅಳತೆ ಇರ್ಬೇಕು, ಕೊನೇಲಿ ತುಂಡು ಗಿಂಡು ಇರಬಾರದು. ಕೂರಲಿಲ್ಲ ಅಂದ್ರೆ, ಭಾವ ಹೇಳಿದ ಹಾಗೆ ಗೋಡೆ."

ಅಂತೂ ಒಂದು ಸಲ ಯಜಮಾನರು ನೋಡೋಣ ಎನ್ನದೆ ಮಾತು ಮುಗಿಸಿದ್ದರು, ಅದೂ ಅವಳ ತಲೆಯ ಮೇಲೆ.

ಗೇಣಗಲದ ಚೂರು ಪರದೆಯಿಂದ ಅಣಕಿಸುತ್ತಲೇ ಇತ್ತು. ಗೀಟಕ್ಕ ರೇಲಿಂಗಿನ ಮೇಲೆ ಒತ್ತಿ, ಅದರ ಒಳಗಿನ ಆಯ್ಕೆಗಳನ್ನು ಒಂದೊಂದಾಗಿ ತೆರೆದಳು. ಆ ಸಾಫ್ಟ್‌ವೇರಿನ ಹೊಟ್ಟೆ ಹಳೇ ಮನೆಯ ಅಟ್ಟದಂಥದು, ಏನು ಎಲ್ಲಿದೆ ಎಂದು ಇಟ್ಟವರಿಗೂ ಗೊತ್ತಿರುವುದಿಲ್ಲ. ಪ್ಯಾನೆಲ್ ಎಲ್ಲಿಂದ ಶುರುವಾಗಬೇಕು ಎನ್ನುವ ಕಡೆ ಮೊದಲಿಂದ, ಕೊನೆಯಿಂದ, ನಡುವಿನಿಂದ ಎಂದಿತ್ತು. ಅದರ ಕೆಳಗೆ ಇನ್ನೊಂದಿತ್ತು, ಇರುವ ಜಾಗಕ್ಕೆ ಸಮನಾಗಿ ಹರಡು. ಇಷ್ಟು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲ. ಒತ್ತಿದಳು.

ಚೂರು ಮಾಯವಾಯಿತು. ಕಂಬದಿಂದ ಕಂಬಕ್ಕೆ ಪ್ಯಾನೆಲ್‌ಗಳು ಒಂದಿಷ್ಟು ಸರಿದು, ಒಂದಿಷ್ಟು ಮೈ ಸಡಿಲಿಸಿ, ಬಸ್ಸಿನಲ್ಲಿ ಜಾಗ ಮಾಡಿಕೊಂಡು ಕೂತವರ ಹಾಗೆ ಕೂತುಬಿಟ್ಟವು. ಜಗಲಿ ಪೂರ್ತಿ ಹಾಗೇ. ಗೀಟಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು.

"ಬನ್ನಿ ಭಾವ, ಬನ್ನಿ! ಕೂತ್ಕೊಂಡ್ವು! ಎಲ್ಲಾ ಕೂತ್ಕೊಂಡ್ವು!"

ಭಾವ ಕನ್ನಡಕ ಹಣೆಗೇರಿಸಿ ಬಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಚೆನ್ನಾಗಿದೆ," ಎಂದರು. ಗೀಟಕ್ಕನ ಮುಖ ಅರಳಿತು. "ಈ ಪ್ಯಾನೆಲ್ ಅಗಲ ಎಷ್ಟು, ತೋರಿಸು."

ತೋರಿಸಿದಳು.

"ಈ ಕಂಬ ದಾಟಿದ ಮೇಲೆ, ಅದರದ್ದು?"

ಗೀಟಕ್ಕ ಅಳತೆ ತೆಗೆದಳು. ಬೇರೆ ಬಂತು. ಮುಂದಿನ ಅಂಕಣದ್ದು, ಎಂದರೆ ಅದರಾಚೆಯ ಎರಡು ಕಂಬಗಳ ನಡುವಿನದು, ಇನ್ನೂ ಬೇರೆ. ಆ ಜಗಲಿಯ ಕಂಬಗಳು ಅರ್ಧ ಹಳೆಯ ಕಟ್ಟಡದ ಮೇಲೆ, ಅರ್ಧ ಹೊಸ ತಳಪಾಯದ ಮೇಲೆ ನಿಂತಿದ್ದವು. ಒಂದೊಂದರ ನಡುವಿನ ದೂರವೂ ಒಂದೊಂದು. ಸಾಫ್ಟ್‌ವೇರ್ ಪಾಪ ಪ್ರತಿ ಎರಡು ಕಂಬಗಳ ನಡುವೆ ಸಮನಾಗಿಯೇ ಹಂಚಿತ್ತು. ಆದರೆ ಈ ಅಂಕಣದ ಸಮಕ್ಕೂ ಆ ಅಂಕಣದ ಸಮಕ್ಕೂ ಸಂಬಂಧವೇ ಇರಲಿಲ್ಲ.

"ಒಂದೊಂದು ಕಡೆಗೆ ಒಂದೊಂದು ಅಳತೆ," ಎಂದು ಭಾವ ಬೆನ್ನು ನೆಟ್ಟಗೆ ಮಾಡಿಕೊಂಡರು. "ಇದೇನು ರೇಲಿಂಗ್ ಕಾರ್ಖಾನೆಗೆ ಕೊಡೋದಾ, ದರ್ಜಿಗೆ ಕೊಡೋದಾ? ಬಿಡಮ್ಮ, ಬೇಜಾರು ಮಾಡ್ಕೋಬೇಡ. ಗೋಡೆಗೆ ಒಳ್ಳೇ ಬಣ್ಣ ನೀನೇ ಆರಿಸು."

ಬಣ್ಣ ಆರಿಸು ಎಂದದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬಿಡುವವಳಲ್ಲ ಅವಳು. ಪ್ಯಾನೆಲ್ಲನ್ನು ಒಂದೇ ಅಗಲಕ್ಕೆ ಕಟ್ಟಿಹಾಕಿ, ಹೆಚ್ಚುಕಮ್ಮಿಯನ್ನೆಲ್ಲ ಸಂದಿಗಳಿಗೆ ಬಿಟ್ಟು ನೋಡಿದಳು. ಕೆಲವು ಅಂಕಣಗಳಲ್ಲಿ ಸಂದಿ ಎಷ್ಟು ಬಾಯಿ ತೆರೆಯಿತೆಂದರೆ ಅಂಬೆಗಾಲಿಡುವ ಮಗು ತಲೆ ತೂರಿಸಬಹುದಾಗಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಅದೊಂದು ಬೇಕಿತ್ತು! ತಾನೇ ಬೆಚ್ಚಿ ಅದನ್ನು ಅಳಿಸಿದಳು.

ಆಗ ಫೋನು ಹೊಡೆದುಕೊಂಡಿತು. ಮನೆಯಿಂದ ಅಮ್ಮ.

"ಏನೇ, ಗೋಡೆನೋ ರೇಲಿಂಗೋ?"

"ಇನ್ನೂ ಗೊತ್ತಿಲ್ಲಮ್ಮ. ಗೋಡೆ ಕಡೇನೇ ವಾಲ್ತಾ ಇದೆ."

"ವಾಲೋ ಗೋಡೆ ಯಾಕೆ ಕಟ್ಟಿಸ್ತಾರಂತೆ? ಬೀಳಲ್ವಾ?" ಎಂದು ಅಮ್ಮ ನಕ್ಕರು. ಇವಳು ನಗಲಿಲ್ಲ ಎಂದು ತಿಳಿದು ದನಿ ಇಳಿಸಿದರು. "ಊಟ ಮಾಡಿ ಕೂತ್ಕೋ. ಹಸಿದ ಹೊಟ್ಟೇಲಿ ತಲೆ ಓಡಲ್ಲ."

ಫೋನಿಟ್ಟು ಗೀಟಕ್ಕ ಡಬ್ಬಿ ತೆರೆದಳು. ಮನಸ್ಸು ಮಾತ್ರ ಗೋಡೆಯಲ್ಲೇ ಇತ್ತು. ಅವಳು ಇದೇ ಆಸ್ಪತ್ರೆಯಲ್ಲಿ ಮಗಳನ್ನು ಹೆತ್ತವಳು, ಹಿಂದಿನ ಹಳೇ ಕಟ್ಟಡದಲ್ಲಿ. ಹೊಲಿಗೆ ಕೀವು ತುಂಬಿ, ನಿಲ್ಲಕೂಡದು, ನಡೆಯಕೂಡದು ಎಂದಿದ್ದರು. ಸಂಜೆ ಹೊತ್ತು ಗಾಳಿಗೆ ಎಂದು ಜಗಲಿಯ ಕುರ್ಚಿಯಲ್ಲಿ ತಂದು ಕೂರಿಸುತ್ತಿದ್ದರು. ಎದುರಿಗೆ ಸುಣ್ಣ ಬಳಿದ ಎದೆಯೆತ್ತರದ ಗೋಡೆ. ನಿಂತವರಿಗೆ ಆಚೆ ಎಲ್ಲ ಕಾಣುತ್ತಿತ್ತು, ಕೂತವಳಿಗೆ ಸುಣ್ಣ.

ಅಮ್ಮ ಆ ಗೋಡೆಯ ಮೇಲೆ ಮೊಣಕೈ ಊರಿ, ಕೆಳಗಿನ ರಸ್ತೆಯಲ್ಲಿ ಏನೇನು ನಡೆಯುತ್ತಿದೆ ಎಂದು ಹೇಳುತ್ತಿದ್ದರು. ಒಬ್ಬ ತನಗಿಂತ ದೊಡ್ಡ ಕನ್ನಡಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದಾನಂತೆ, ಇಡೀ ಬೀದಿ ಆ ಕನ್ನಡಿಯೊಳಗೆ ಹೋಗುತ್ತಿದೆಯಂತೆ. ಒಂದು ಬಿಳಿ ಕುದುರೆ ಹಣ್ಣಿನ ಅಂಗಡಿ ಮುಂದೆ ನಿಂತು ಚೌಕಾಸಿ ಮಾಡುತ್ತಿದೆಯಂತೆ. ಇಬ್ಬರು ಷಡ್ಡಕರು ಒಂದೇ ಕೊಡೆಗೆ ಕಿತ್ತಾಡಿ, ಕೊಡೆ ಗಾಳಿಗೆ ಹಾರಿ, ಈಗ ಮೂರನೆಯವನು ಹಿಡಿದುಕೊಂಡು ಓಡುತ್ತಿದ್ದಾನಂತೆ. ನಕ್ಕರೆ ಹೊಲಿಗೆ ನೋಯುತ್ತಿತ್ತು. ಸಾಕಮ್ಮ, ಸಾಕು ಎನ್ನುತ್ತಲೇ ಗೀಟಕ್ಕ ಆಮೇಲೆ ಎಂದು ಕೇಳುತ್ತಿದ್ದಳು.

ಮನೆಗೆ ಹೊರಡುವ ದಿನ ಮೊದಲ ಸಲ ತನ್ನ ಕಾಲ ಮೇಲೆ ನಿಂತು ಗೋಡೆಯಾಚೆ ಇಣುಕಿದಳು. ರಸ್ತೆಯೇ ಇರಲಿಲ್ಲ. ಬಟ್ಟೆ ಒಗೆಯುವ ಶೆಡ್ಡಿನ ತಗಡಿನ ಸೂರು, ಒಂದು ನೀರಿನ ಟ್ಯಾಂಕು, ಅಷ್ಟೆ. ತಿರುಗಿ ಅಮ್ಮನ ಮುಖ ನೋಡಿದಳು. "ನಿಂಗೆ ಹೇಗೂ ಕಾಣ್ತಿರಲಿಲ್ವಲ್ಲ, ನಿಂಗೇನು ನಷ್ಟ ಆಯ್ತು?" ಎಂದಿದ್ದರು ಅಮ್ಮ, ಮಗುವಿನ ಟೋಪಿ ಸರಿಮಾಡುತ್ತ.

ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಆದರೆ ನಗುವಿನ ಹಿಂದೆಯೇ ಇನ್ನೊಂದು ಯೋಚನೆಯೂ ಬರುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತಿರುತ್ತಿದ್ದಳು. ಅವಳ ಜೊತೆಗೆ ಯಾರೂ ಇರಲಿಲ್ಲ. ಅವಳು ಸುಣ್ಣವನ್ನೇ ನೋಡುತ್ತಿದ್ದಳು. ಎಲ್ಲರಿಗೂ ಅಂಥ ಅಮ್ಮ ಸಿಗಬೇಕಲ್ಲ! ಹೊಸ ಜಗಲಿ ನಿಜವಾದ ರಸ್ತೆಯ ಕಡೆ ಮುಖ ಮಾಡಿದೆ, ಮರ ಇದೆ, ಬಸ್ಸು ಬರುತ್ತದೆ, ಜನ ಓಡಾಡುತ್ತಾರೆ. ಅದರ ಮುಂದೆ ಮತ್ತೆ ಗೋಡೆ ಎಬ್ಬಿಸುತ್ತಾರೆ ಎಂದರೆ ಗೀಟಕ್ಕನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈ ರೇಲಿಂಗ್ ಅವಳ ಹೆಸರಿಗಾಗಿ ಅಲ್ಲವೇ ಅಲ್ಲ ಎಂದರೆ ಸುಳ್ಳಾದೀತು. ಆದರೆ ಹೆಸರಿಗಾಗಿ ಮಾತ್ರ ಅಲ್ಲ.

ಡಬ್ಬಿ ಮುಚ್ಚಿದಳು. ಮಾಡಿದ್ದನ್ನೆಲ್ಲ ಆರಿಸಿ ಅಳಿಸಿಹಾಕಿದಳು. ಜಗಲಿ ಬೋಳಾಯಿತು, ಬರೀ ಕಂಬಗಳು. ಬೆಳಿಗ್ಗೆಯಿಂದ ಕಾಡಿದ ಆ ಕಂಬಗಳ ಮುಖ ನೋಡುವುದೇ ಬೇಡ ಎನಿಸಿತು. "ಹೋಗ್ರಿ ಅತ್ಲಾಗೆ," ಎಂದು ಕಂಬಗಳನ್ನು ಮರೆಮಾಡುವ ಗುಂಡಿ ಒತ್ತಿದಳು. ಅವು ಅಳಿದುಹೋಗುವುದಿಲ್ಲ, ಕಣ್ಣಿಗೆ ಕಾಣದಂತೆ ಇರುತ್ತವೆ. ಸಿಟ್ಟಿನಲ್ಲಿ ಮಾಡಿದ್ದು, ಬೇರೆ ಉದ್ದೇಶ ಏನೂ ಇರಲಿಲ್ಲ.

ಉಳಿದದ್ದು ಒಂದೇ ಗೆರೆ. ಜಗಲಿಯ ನೆಲದ ಅಂಚು. ಈ ತುದಿಯ ಗೋಡೆಯಿಂದ ಹೊರಟು, ಎಲ್ಲೂ ಮುರಿಯದೆ, ಎಲ್ಲೂ ಸೊಟ್ಟಗಾಗದೆ, ಆ ತುದಿಯ ಗೋಡೆಯವರೆಗೆ.

ಗೀಟಕ್ಕ ಅದನ್ನೇ ನೋಡಿದಳು.

ರೇಲಿಂಗನ್ನು ಕಂಬದಿಂದ ಕಂಬಕ್ಕೆ ತುಂಡು ತುಂಡಾಗಿ ಎಳೆಯಬೇಕು ಎಂದು ಅವಳಿಗೆ ಯಾರು ಹೇಳಿದ್ದರು? ಈ ಸಾಫ್ಟ್‌ವೇರಂತೂ ಹೇಳಿರಲಿಲ್ಲ. ಹೇಳಿದ್ದು ಅವಳ ಮೊದಲ ಗುರುಗಳು, ಟ್ರೇಸಿಂಗ್ ಹಾಳೆಯ ಕಾಲದಲ್ಲಿ. "ಕಂಬ ಮೊದಲು, ಆಮೇಲೆ ನಡುವೆ ತುಂಬು" ಎಂದು ಬೆರಳ ಗೆಣ್ಣಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದ್ದರು. ಪೆನ್ಸಿಲ್ ಹೋಗಿ ಮೌಸ್ ಬಂದರೂ ಕೈ ಆ ಮಾತು ಬಿಟ್ಟಿರಲಿಲ್ಲ. ಇಷ್ಟು ವರ್ಷ ಅವಳು ಕಂಬ ಬಂದಲ್ಲೆಲ್ಲ ಕೈಯೆತ್ತಿ, ಕಂಬ ದಾಟಿ, ಮತ್ತೆ ಕೈಯಿಟ್ಟಿದ್ದಳು. ಇದನ್ನೂ ಹಾಗೇ ಮಾಡಿದ್ದಳು. ತುಂಡಾಗಿ ಎಳೆದದ್ದನ್ನು ಸಾಫ್ಟ್‌ವೇರ್ ತುಂಡಾಗಿಯೇ ಹಂಚಿತ್ತು. ಅದರ ತಪ್ಪೇನು?

ನೆಲದ ಅಂಚು ಕಂಬಗಳಿಂದ ಒಂದು ಮೊಳ ಆಚೆಗೇ ಇತ್ತು. ರೇಲಿಂಗ್ ಕಂಬಗಳ ನಡುವೆ ನುಸುಳಬೇಕಿಲ್ಲ. ಕಂಬಗಳ ಮುಂದೆಯೇ, ಅಂಚಿನ ಮೇಲೆಯೇ ಹೋಗಬಹುದು.

ಈ ತುದಿಯಲ್ಲಿ ಮೌಸ್ ಒತ್ತಿದಳು. ಪರದೆಯ ಆ ತುದಿಗೆ ಎಳೆದುಕೊಂಡು ಹೋದಳು. ಕೈಯೆತ್ತಲಿಲ್ಲ. ಒತ್ತಿದಳು. ಸಮನಾಗಿ ಹರಡು ಎಂದಳು.

ಪ್ಯಾನೆಲ್‌ಗಳು ಈ ತುದಿಯಿಂದ ಆ ತುದಿಗೆ ಸರ್ರನೆ ಎದ್ದು ನಿಂತವು. ಮೊದಲನೆಯದರ ಅಗಲ ತೆಗೆದಳು. ಕೊನೆಯದರದ್ದು ತೆಗೆದಳು. ನಂಬಿಕೆ ಬಾರದೆ ನಡುವಿನ ಒಂದರದ್ದು ತೆಗೆದಳು. ಒಂದೇ. ಎಲ್ಲ ಒಂದೇ! ಅವಳಿಗೆ ಕೂಗಬೇಕು ಎನಿಸಿತು, ಕೂಗಿದಳು.

ಭಾವ ಬಾಯಲ್ಲಿ ಅನ್ನ ಇರುವಾಗಲೇ ಓಡಿಬಂದರು. "ಏನಾಯ್ತು? ಕರೆಂಟ್ ಹೊಡೀತಾ?"

"ಕಂಬದ ಆಚೆ, ಭಾವ! ರೇಲಿಂಗ್ ಕಂಬದ ಆಚೆ ಹೋಗುತ್ತೆ. ಒಂದೇ ಗೆರೆ. ಎಲ್ಲಾ ಒಂದೇ ಅಳತೆ."

ಭಾವ ಅಗಿಯುವುದನ್ನು ನಿಲ್ಲಿಸಿದರು. ಕನ್ನಡಕ ಕೆಳಗಿಳಿಸಿದರು. ಗೀಟಕ್ಕ ಅವರ ಬಾಯಿಂದ ಬರಲಿರುವ ಪ್ರಶ್ನೆಯನ್ನು ಅವರಿಗಿಂತ ಮೊದಲೇ ಕೇಳಿಸಿಕೊಂಡಳು.

"ಭಾರ ಎಲ್ಲಿಗೆ ಹೋಗುತ್ತೆ?"

"ನೆಲದ ಅಂಚಿಗೆ."

"ಅಂಚಿಗೆ ಹೋಗಲಿ. ಅಂಚು ತಡೆಯುತ್ತೆ, ಕಬ್ಬಿಣ ಸಾಕಷ್ಟು ಹಾಕಿದೀನಿ ಅಲ್ಲಿ." ಅದನ್ನು ಹೇಳುವಾಗ ಅವರಿಗೇ ಸ್ವಲ್ಪ ಬೇಸರವಾದಂತಿತ್ತು. ಮರುಕ್ಷಣ ಮುಖ ಬೆಳಗಿತು. "ಆದ್ರೆ ಇಲ್ಲಿ ನೋಡು, ಇಲ್ಲಿ. ಹಳೇ ಕಟ್ಟಡ ಮುಗಿದು ಹೊಸದು ಶುರುವಾಗೋ ಕಡೆ ನಾವು ಬೇಕಂತಲೇ ಒಂದು ಜಾಯಿಂಟ್ ಬಿಟ್ಟಿದೀವಿ. ಬಿಸಿಲಿಗೆ ಕಟ್ಟಡ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಎರಡೂ ಕಡೆ ಬೇರೆ ಬೇರೆ ಅಲ್ಲಾಡುತ್ತೆ. ನಿನ್ನ ಪ್ಯಾನೆಲ್ ಒಂದು ಕಾಲು ಇಲ್ಲಿಟ್ಟು ಇನ್ನೊಂದು ಕಾಲು ಅಲ್ಲಿಟ್ರೆ ಏನಾಗುತ್ತೆ?"

"ಸೊಟ್ಟ ಆಗುತ್ತೆ."

"ಸೊಟ್ಟ ಅಲ್ಲ, ಕಿತ್ಕೊಂಡು ಬರುತ್ತೆ."

ಗೀಟಕ್ಕ ಆ ಜಾಯಿಂಟನ್ನು ಕೆಂಪು ಗೆರೆಯಾಗಿ ಎಳೆದಳು. ಅದು ಒಂದು ಪ್ಯಾನೆಲ್ಲಿನ ಸರಿ ಹೊಟ್ಟೆಯ ಮೇಲೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಹೊರಗೆ ಯಜಮಾನರು ಕೈತೊಳೆಯುವ ಸದ್ದು ಕೇಳುತ್ತಿತ್ತು. ಭಾವ ಹಿಂದೆಯೇ ನಿಂತಿದ್ದರು, ಹೋಗಲಿಲ್ಲ. ಒಳ್ಳೆಯ ಗಂಟು ಕಂಡರೆ ಬಿಟ್ಟುಹೋಗುವ ಮನುಷ್ಯ ಅವರೂ ಅಲ್ಲ.

"ಪ್ಯಾನೆಲ್ ಮೇಲೆ ಬೀಳಬಾರದು," ಎಂದು ಗೀಟಕ್ಕ ತನ್ನಷ್ಟಕ್ಕೇ ಹೇಳಿಕೊಂಡಳು. "ಸಂದಿ ಮೇಲೆ ಬಿದ್ರೆ?"

"ಸಂದಿ ಮೇಲೆ ಬಿದ್ರೆ..." ಭಾವ ಪರದೆಗೆ ಬಗ್ಗಿದರು. "ಸಂದಿ ಮೇಲೆ ಬಿದ್ರೆ ಏನೂ ತೊಂದ್ರೆ ಇಲ್ಲ. ಈ ಪ್ಯಾನೆಲ್ ಈ ಕಡೇದು, ಆ ಪ್ಯಾನೆಲ್ ಆ ಕಡೇದು. ಅವರವರ ಮನೇಲಿ ಅವರವರು ಅಲ್ಲಾಡ್ಕೊಂಡಿರ್ತಾರೆ."

ಸಂದಿಯನ್ನು ಬೇಕಾದಲ್ಲಿಗೆ ಎಳೆದು ಕೂರಿಸುವ ಹಾಗಿರಲಿಲ್ಲ, ಎಳೆದರೆ ಸಮ ಕೆಡುತ್ತಿತ್ತು. ಆದರೆ ಪ್ಯಾನೆಲ್‌ಗಳ ಸಂಖ್ಯೆ ಬದಲಿಸಬಹುದಿತ್ತು. ಗೀಟಕ್ಕ ಒಂದು ಪ್ಯಾನೆಲ್ ಹೆಚ್ಚು ಹಾಕಿದಳು. ಇಡೀ ಸಾಲು ಒಂದಿಷ್ಟು ಕಿರಿದಾಗಿ ಸರಿಯಿತು. ಕೆಂಪು ಗೆರೆ ಪ್ಯಾನೆಲ್ಲಿನ ಹೊಟ್ಟೆಯಿಂದ ಭುಜಕ್ಕೆ ಬಂತು.

"ಇನ್ನೊಂದು ಹಾಕು," ಎಂದರು ಭಾವ.

ಹಾಕಿದಳು. ಗೆರೆ ಆ ಬದಿ ಬಿಟ್ಟು ಈ ಬದಿಯ ಪ್ಯಾನೆಲ್ಲಿನ ಕಿವಿಗೆ ಬಂತು.

"ಅಯ್ಯೋ, ದಾಟಿಬಿಡ್ತು! ಕಡಿಮೆ ಮಾಡು, ಕಡಿಮೆ ಮಾಡು!"

"ಕಡಿಮೆ ಮಾಡಿದ್ರೆ ಮತ್ತೆ ಭುಜಕ್ಕೆ ಹೋಗುತ್ತೆ ಭಾವ, ಸುಮ್ನಿರಿ."

"ಹಾಗಾದ್ರೆ ಹೆಚ್ಚು ಮಾಡು. ಮಾಡ್ತಾ ಹೋಗು. ನಿಲ್ಲಿಸ್ಬೇಡ!"

ಭಾವ ಅವಳ ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸುತ್ತಿದ್ದರು. ಗೀಟಕ್ಕ ಒಂದೊಂದೇ ಹೆಚ್ಚಿಸುತ್ತ ಹೋದಳು. ಗೆರೆ ಹೊಟ್ಟೆಗೆ, ಬೆನ್ನಿಗೆ, ಪಕ್ಕೆಗೆ ಬೀಳುತ್ತ ಬಂತು. ಇನ್ನು ಹೆಚ್ಚಿಸಿದರೆ ಪ್ಯಾನೆಲ್‌ಗಳು ತೀರಾ ಕಿರಿದಾಗುತ್ತವೆ ಎನ್ನುವ ಹೊತ್ತಿಗೆ ಇನ್ನೊಂದು ಹಾಕಿದಳು.

ಕೆಂಪು ಗೆರೆ ಎರಡು ಪ್ಯಾನೆಲ್‌ಗಳ ನಡುವಿನ ಸಂದಿಯೊಳಗೆ, ಎಳನೀರಿಗೆ ಸ್ಟ್ರಾ ಇಳಿದ ಹಾಗೆ, ನೆಟ್ಟಗೆ ಇಳಿಯಿತು.

"ನಿಲ್ಲಿಸು!" ಎಂದು ಭಾವ ಚೀರಿದರು. ಗೀಟಕ್ಕ ಆಗಲೇ ಕೈಯೆತ್ತಿದ್ದಳು, ಮೌಸ್ ಮುಟ್ಟಿದರೆ ಎಲ್ಲಿ ಹಾರಿಹೋಗುತ್ತದೋ ಎನ್ನುವಂತೆ.

ಯಜಮಾನರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಿದ್ದರು. "ಏನು, ಜಗಳಾನಾ?"

"ಮೇಲೆ ಕೈ ಇಡೋ ಕೊಳವೇನ ಅಲ್ಲಿ ಕತ್ತರಿಸಿ, ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ ತೂರಿಸೋದು," ಎಂದರು ಭಾವ. ಯಾರಿಗೆ ಹೇಳುತ್ತಿದ್ದಾರೆ ಎಂದು ಅವರಿಗೂ ತಿಳಿದಂತಿರಲಿಲ್ಲ. ಅವರು ಆಗಲೇ ಒಂದು ಕಾಗದದ ತುಂಡಿನ ಮೇಲೆ ಅದನ್ನು ಬರೆಯುತ್ತಿದ್ದರು. "ಹಿಗ್ಗಿದ್ರೆ ಒಳಗೆ ಹೋಗುತ್ತೆ, ಕುಗ್ಗಿದ್ರೆ ಹೊರಗೆ ಬರುತ್ತೆ. ಕಣ್ಣಿಗೆ ಗೊತ್ತೇ ಆಗಲ್ಲ."

ಯಜಮಾನರು ಪರದೆ ನೋಡಿದರು, ಅಳತೆಗಳನ್ನು ನೋಡಿದರು, ಭಾವನ ಮುಖ ನೋಡಿದರು.

"ನನ್ನ ಮುಖ ಯಾಕೆ ನೋಡ್ತೀಯ? ಭಾರ ಹೋಗೋ ದಾರಿ ಸರಿ ಇದೆ. ಆದ್ರೂ ಗೋಡೆ ಅಂದ್ರೆ ಗೋಡೇನೇ, ಅದು ಬೇರೆ ಮಾತು."

"ಎರಡೂ ಇಟ್ಕೊಳ್ಳೋಣ," ಎಂದರು ಯಜಮಾನರು. "ಡಾಕ್ಟರಮ್ಮ ಯಾವುದು ಅಂತಾರೋ ನೋಡೋಣ. ಗೀಟಕ್ಕ, ನೀವೇ ತೋರಿಸಿ. ಇದನ್ನ ತಿರುಗಿಸೋಕೆ ನಂಗೆ ಬರಲ್ಲ."

ಡಾಕ್ಟರಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಜೊತೆಗೆ ಆಸ್ಪತ್ರೆಯ ದೊಡ್ಡ ಸಿಸ್ಟರ್. ಯಜಮಾನರ ಕೋಣೆಯ ದೊಡ್ಡ ಪರದೆಯ ಮುಂದೆ ಎಲ್ಲರೂ ಕೂತರು. ಗೀಟಕ್ಕ ಮೇಜಿನ ಪಕ್ಕದಲ್ಲಿ ನಿಂತು ಕಟ್ಟಡ ತೆರೆದಳು. ವಾರ್ಡು, ಮೆಟ್ಟಿಲು, ಲಿಫ್ಟು ಎಲ್ಲ ತೋರಿಸಿ ಜಗಲಿಗೆ ಬಂದಳು.

"ಇದು ತೂತು ತೂತು ಇದೆಯಲ್ಲ," ಎಂದು ದೊಡ್ಡ ಸಿಸ್ಟರ್ ಮೂಗು ಮುರಿದರು. "ನಮ್ಮ ಬಾಣಂತಿಯರು ಮಗೂಗೆ ಹಾಲು ಕುಡಿಸ್ತಾ ಕೂತಿರ್ತಾರೆ. ರಸ್ತೇಲಿ ಹೋಗೋರೆಲ್ಲ ನೋಡಲ್ವಾ?"

"ಇಲ್ಲ ಸಿಸ್ಟರ್. ಕಿಟಕಿಯ ಸೊಳ್ಳೆ ಪರದೆ ಥರ. ಹತ್ತಿರ ಕೂತೋರಿಗೆ ಆಚೆ ಕಾಣುತ್ತೆ, ದೂರದಿಂದ ಒಳಗೆ ಕಾಣಲ್ಲ." ಗೀಟಕ್ಕ ನೋಟವನ್ನು ಕೆಳಗಿನ ರಸ್ತೆಗೆ ಇಳಿಸಿ ಮೇಲೆ ತಿರುಗಿಸಿದಳು. ಅಲ್ಲಿಂದ ಪ್ಯಾನೆಲ್‌ಗಳು ಬೂದು ಬಣ್ಣದ ಹಾಳೆಗಳಂತೆ ಕಂಡವು. ಸಿಸ್ಟರ್ ತಲೆಯಾಡಿಸಿದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಡಾಕ್ಟರಮ್ಮ ಕೈ ಕಟ್ಟಿಕೊಂಡು ಕೂತಿದ್ದರು. "ಅಂದವಾಗಿದೆ," ಎಂದರು. "ಆದ್ರೆ ಎದೆಯೆತ್ತರ ಗೋಡೆಯಾದ್ರೂ ಮೇಲಿಂದ ರಸ್ತೆ ಹೀಗೇ ಕಾಣುತ್ತೆ ತಾನೆ? ಗೋಡೆ ಗಟ್ಟಿ. ಇದ್ಯಾಕೆ ಬೇಕು?"

ಗೀಟಕ್ಕನಿಗೆ ಅಮ್ಮ, ಕನ್ನಡಿ, ಕುದುರೆ ಎಲ್ಲ ನಾಲಿಗೆಯ ತುದಿಗೆ ಬಂತು. ಹೇಳಿದರೆ ಅತ್ತುಬಿಡುತ್ತೇನೆ ಎಂದು ಗೊತ್ತಾಯಿತು. ಮೌಸ್ ಹಿಡಿದಳು. ಭಾವನ ಗೋಡೆಯ ಚಿತ್ರವನ್ನು ತೆರೆದು ಜಗಲಿಯ ಮೇಲೆ ನಿಂತವರ ನೋಟಕ್ಕೆ ಇಟ್ಟಳು. ರಸ್ತೆ, ಮರ, ಎದುರಿನ ಮನೆಗಳ ಸೂರು ಎಲ್ಲ ಕಂಡವು. ಆಮೇಲೆ ಕಣ್ಣಿನ ಎತ್ತರವನ್ನು ಕುರ್ಚಿಯಲ್ಲಿ ಕೂತವರ ಮಟ್ಟಕ್ಕೆ ಇಳಿಸಿದಳು.

ಪರದೆ ಪೂರ್ತಿ ಬೆಳ್ಳಗಾಯಿತು.

"ಏನಾಯ್ತು, ಕಂಪ್ಯೂಟರ್ ಕೆಟ್ಟುಹೋಯ್ತಾ?" ಎಂದು ದೊಡ್ಡ ಸಿಸ್ಟರ್ ಕೇಳಿದರು.

"ಇಲ್ಲ ಸಿಸ್ಟರ್. ಸರಿಯಾಗೇ ಇದೆ. ಇದು ಗೋಡೆ."

ಸಿಸ್ಟರ್ ಬಾಯಿ ಅರ್ಧ ತೆರೆದಿತ್ತು. ಅವರು ಎಷ್ಟು ವರ್ಷ ಆ ಜಗಲಿಗಳಲ್ಲಿ ಓಡಾಡಿದ್ದರೋ, ಓಡಾಡುವವರಿಗೆ ಕೂರಲು ಪುರುಸೊತ್ತೆಲ್ಲಿ? ಡಾಕ್ಟರಮ್ಮ ಕಟ್ಟಿದ ಕೈ ಬಿಚ್ಚಿದರು. ಬಿಳಿ ಪರದೆಯನ್ನು ತುಂಬ ಹೊತ್ತು ನೋಡಿದರು.

ಗೀಟಕ್ಕ ಗೋಡೆ ತೆಗೆದು ರೇಲಿಂಗ್ ಹಾಕಿದಳು. ಅದೇ ಎತ್ತರ, ಅದೇ ಕುರ್ಚಿ. ಸಣ್ಣ ಸಣ್ಣ ತೂತುಗಳಲ್ಲಿ ಚೂರುಚೂರಾಗಿ, ಆದರೆ ಇಡಿಯಾಗಿ, ಬೆಳಕು ಬಂತು. ಮರದ ಬುಡ ಬಂತು. ರಸ್ತೆ ಬಂತು. ಒಂದೇ ಸಮನಾದ ಸಂದಿಗಳ ನಡುವೆ ರಸ್ತೆಯ ತಿರುವಿನವರೆಗೂ ಕಂಡಿತು.

"ಆ ಗೋಡೇನ ಇನ್ನೊಂದ್ಸಲ ಹಾಕ್ಬೇಡಮ್ಮ," ಎಂದರು ಡಾಕ್ಟರಮ್ಮ.

"ಅಳಿಸೇ ಬಿಡು," ಎಂದರು ಭಾವ. ಅದನ್ನು ಅವರೇ ಹೇಳಿದ್ದು.

"ಇನ್ನೂ ಸ್ವಲ್ಪ ಕೆಳಗೆ ಇಳಿಸ್ತೀಯಾ?" ಎಂದು ದೊಡ್ಡ ಸಿಸ್ಟರ್ ಕೇಳಿದರು. "ಎಷ್ಟೋ ಜನ ಚಾಪೆ ಮೇಲೇ ಕೂತ್ಕೋತಾರೆ."

ಗೀಟಕ್ಕ ಇಳಿಸಿದಳು. ಪರದೆ ಗೋಡೆಯ ಮೇಲೆ ಇದ್ದಲ್ಲೇ ಇತ್ತು, ಯಾರೂ ಕದಲಬೇಕಾಗಿರಲಿಲ್ಲ. ಆದರೂ ಸಿಸ್ಟರ್ ಕುರ್ಚಿಯಿಂದ ಜಾರಿ ನೆಲಕ್ಕೆ ಕುಕ್ಕರಿಸಿದರು. ಡಾಕ್ಟರಮ್ಮ ಕನ್ನಡಕ ಒತ್ತಿ ಹಿಡಿದು, ಮೊಣಕಾಲ ಮೇಲೆ ಕೈಯೂರಿ, ತಲೆ ತಗ್ಗಿಸಿ ಅವರ ಪಕ್ಕಕ್ಕೆ ಬಂದರು. ಯಜಮಾನರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೂತರು. ಭಾವನಿಗೆ ಮಂಡಿನೋವು, ಮೇಜಿನ ಕಾಲು ಹಿಡಿದು, ಅಮ್ಮಾ ಎನ್ನುತ್ತ, ಅವರೂ ಇಳಿದರು.

"ಆ ಮರದ ಆಚೆ ಏನಿದೆ?" ಎಂದು ಯಾರೋ ಕೆಳಗಿನಿಂದ ಕೇಳಿದರು.

ಕೋಣೆಯಲ್ಲಿ ನಿಂತವಳು ಗೀಟಕ್ಕ ಒಬ್ಬಳೇ. ಅವಳು ಮೌಸನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು. ನೆಲದ ಮಟ್ಟದಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಬಲಕ್ಕೆ ತಿರುಗಿದವು.